ಊರ ಕೆರೆಯ ಸಂಶೋಧನೆ: ಏರಿಯ ಕಲ್ಲಿನಿಂದ ತಳದ ಹೂಳಿನವರೆಗೆ

ಏರಿಯ ಮೇಲೆ ನಿಂತವರು ಯಾವ ವಿಭಾಗದಿಂದ ಬಂದಿದ್ದಾರೋ ಅದಕ್ಕೆ ತಕ್ಕಂತೆ ಅದೇ ಕೆರೆ ಬೇರೆಬೇರೆಯಾಗಿ ಕಾಣುತ್ತದೆ. ಇತಿಹಾಸದವರ ಕಣ್ಣು ತೂಬಿನ ಕಂಬದ ಮೇಲಿನ ಅಕ್ಷರಕ್ಕೆ ಹೋಗುತ್ತದೆ, ಭೂವಿಜ್ಞಾನಿಯದು ತಳದ ಮಣ್ಣಿಗೆ. ಭಾಷಾಶಾಸ್ತ್ರದವರು ಊರ ಹೆಸರನ್ನು ಬಿಡಿಸತೊಡಗುತ್ತಾರೆ. ರಸಾಯನಶಾಸ್ತ್ರದವರು ಬಾಟಲಿಗೆ ನೀರು ತುಂಬಿಕೊಳ್ಳುತ್ತಾರೆ. ಸಮಾಜಶಾಸ್ತ್ರದವರು ಕೇಳುವ ಮೊದಲ ಪ್ರಶ್ನೆ ‘ನೀರು ಯಾರ ಗದ್ದೆಗೆ ಮೊದಲು ಹೋಗುತ್ತದೆ?’ ಎಂಬುದು. ಇವುಗಳಲ್ಲಿ ಒಂದು ಗಟ್ಟಿ, ಇನ್ನೊಂದು ಟೊಳ್ಳು ಎಂದು ಭಾವಿಸುವುದು ತಪ್ಪು. ಪ್ರತಿ ಶಾಸ್ತ್ರವೂ ಯಾವುದನ್ನು ಪುರಾವೆ ಎಂದು ಒಪ್ಪುತ್ತದೆ, ಎಲ್ಲಿ ಎಡವುತ್ತದೆ ಎಂಬುದಷ್ಟೇ ಬೇರೆ. ಒಬ್ಬರು ಎಡವಿದ್ದನ್ನು ಇನ್ನೊಬ್ಬರ ವಿಧಾನ ಹಿಡಿದುಕೊಡುತ್ತದೆ. ಪದವಿ, ಸ್ನಾತಕೋತ್ತರ ವಿದ್ಯಾರ್ಥಿಗಳು, ಶಿಕ್ಷಕರು, ಊರಿನ ಆಸಕ್ತರು ನಾಲ್ಕೈದು ಜನರ ತಂಡ ಕಟ್ಟಿಕೊಂಡು ಒಂದು ವರ್ಷದಲ್ಲಿ ಒಂದು ಕೆರೆಯನ್ನು ಹೇಗೆ ಅಧ್ಯಯನ ಮಾಡಬಹುದು ಎಂಬುದರ ಕ್ರಮ ಇಲ್ಲಿದೆ.

ಮೊದಲು ಪ್ರಶ್ನೆ, ಆಮೇಲೆ ಉಪಕರಣ

‘ನಮ್ಮೂರ ಕೆರೆಯ ಬಗ್ಗೆ ಅಧ್ಯಯನ’ ಎಂಬುದು ಪ್ರಶ್ನೆಯಲ್ಲ, ಬರೀ ವಿಷಯ. ‘ಈ ಕೆರೆ ಯಾವಾಗಿನಿಂದ ಇದೆ?’, ‘ಈಗ ಎಷ್ಟು ನೀರು ಹಿಡಿಯುತ್ತದೆ?’, ‘ಅಚ್ಚುಕಟ್ಟಿನ (ಕೆರೆ ನೀರುಣಿಸುವ ಜಮೀನಿನ) ಕೊನೆಯ ಗದ್ದೆಗಳಿಗೆ ನೀರು ಬರುವುದು ನಿಂತದ್ದು ಯಾವಾಗ, ಏಕೆ?’ ಇಂಥವು ಪ್ರಶ್ನೆಗಳು. ಒಂದು ಹಾಳೆಯಲ್ಲಿ ಮೂರು ಅಂಕಣ ಮಾಡಿ ಪ್ರಶ್ನೆ, ಅದಕ್ಕೆ ಉತ್ತರ ಕೊಡಬಲ್ಲ ಆಕರ, ಏನು ಸಿಕ್ಕರೆ ನಮ್ಮ ಊಹೆ ತಪ್ಪೆಂದು ಒಪ್ಪುತ್ತೇವೆ ಎಂದು ಬರೆಯಿರಿ. ಮೂರನೆಯ ಅಂಕಣ ತುಂಬಲಾಗದಿದ್ದರೆ ಪ್ರಶ್ನೆಯನ್ನು ಮತ್ತೆ ತಿದ್ದಬೇಕು. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಅಭ್ಯಾಸವಾಗಿರುತ್ತದೆ. ಮಾನವಿಕದವರು ಇದನ್ನು ಬಿಟ್ಟುಬಿಡುವುದೇ ಹೆಚ್ಚು, ಆದರೆ ಶಾಸನದ ಓದಿಗೂ ಇದು ಅಷ್ಟೇ ಬೇಕು.

ಕೆಲಸ ಶುರುಮಾಡುವ ಮುನ್ನ ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ. ಕೆರೆ ಸಣ್ಣ ನೀರಾವರಿ ಇಲಾಖೆಗೆ ಸೇರಿದ್ದರೆ ಅಲ್ಲಿಗೂ ಒಂದು ಪತ್ರ ಕೊಡಿ. ಭೂಮಾಪನ ಇಲಾಖೆಯಿಂದ ಗ್ರಾಮ ನಕ್ಷೆ ತೆಗೆಸಿ, ಕೆರೆಯ ಸರ್ವೆ ನಂಬರಿನ ಪಹಣಿ ಮತ್ತು ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಜೊತೆಗಿಟ್ಟುಕೊಳ್ಳಿ. ದಾಖಲೆಯಲ್ಲಿ ವಿಸ್ತೀರ್ಣ ಎಕರೆ-ಗುಂಟೆಯಲ್ಲಿ ಇರುತ್ತದೆ. 40 ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ 1,089 ಚದರಡಿ ಅಂದರೆ ಸುಮಾರು 101 ಚದರ ಮೀಟರ್. ತಂಡದಲ್ಲಿ ಒಬ್ಬರು ಎಕರೆಯಲ್ಲಿ, ಇನ್ನೊಬ್ಬರು ಹೆಕ್ಟೇರಿನಲ್ಲಿ ಬರೆದುಕೊಂಡರೆ ಕೊನೆಯಲ್ಲಿ ಲೆಕ್ಕ ಕೂಡುವುದಿಲ್ಲ. ಮೊದಲ ದಿನವೇ ಒಂದೇ ಅಳತೆಗೆ ಒಪ್ಪಿಕೊಳ್ಳಿ.

ಬೇಸಿಗೆ: ಕಲ್ಲು ಓದುವ ಕಾಲ

ಮಾರ್ಚ್‌ನಿಂದ ಮೇ ತನಕ ನೀರು ಇಳಿದಿರುತ್ತದೆ. ತೂಬಿನ ಕಂಬಗಳು, ಕೋಡಿಯ ಬಂಡೆಗಳು, ನೀರಿನಲ್ಲಿ ಮುಳುಗಿದ್ದ ಕಲ್ಲುಗಳು ಹೊರಬರುವುದು ಆಗಲೇ. ಆದರೆ ಕೆರೆಗೆ ಹೋಗುವ ಮೊದಲು ಗ್ರಂಥಾಲಯಕ್ಕೆ ಹೋಗಿ. ಬಿ.ಎಲ್. ರೈಸ್ ಅವರು ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳು ಜಿಲ್ಲೆ, ತಾಲ್ಲೂಕುವಾರು ಜೋಡಿಸಿದಂಥವು; 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಿದೆ. ನಿಮ್ಮ ತಾಲ್ಲೂಕಿನ ಭಾಗದಲ್ಲಿ ಊರಿನ ಹೆಸರು ನೋಡಿ. ಅಕ್ಕಪಕ್ಕದ ಊರುಗಳನ್ನೂ ನೋಡಬೇಕು, ಏಕೆಂದರೆ ಕೆರೆ ಒಂದೂರಿನದು, ಶಾಸನ ಇನ್ನೊಂದೂರಿನ ಗುಡಿಯಲ್ಲಿ ಇರುವುದು ಸಾಮಾನ್ಯ. ಹಳಗನ್ನಡದಲ್ಲಿ ಈ ಪದ ‘ಕೆಱೆ’. ಗಣಕದಲ್ಲಿ ಹುಡುಕುವವರು ‘ಕೆರೆ’ ಎಂದಷ್ಟೇ ಹಾಕಿದರೆ ಹಳೆಯ ಶಾಸನಗಳು ಸಿಗುವುದೇ ಇಲ್ಲ. ಎರಡೂ ರೂಪ ಹಾಕಿ ಹುಡುಕಿ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ, ತೂಂಬು (ತೂಬು), ಸಮುದ್ರ (ದೊಡ್ಡ ಕೆರೆ) ಎಂಬ ಪದಗಳನ್ನೂ ಹಾಕಿ ನೋಡಿ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದಗಳು ಕೆರೆ ಕಟ್ಟಿದವರಿಗೆ ಅಥವಾ ಅದನ್ನು ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಯನ್ನು ಸೂಚಿಸುವ ಪದಗಳು.

ಪ್ರಕಟವಾದ ಪಾಠ ಸಿಕ್ಕರೂ ಕಲ್ಲನ್ನು ನೋಡಲೇಬೇಕು. ಸವೆದ ಅಕ್ಷರ ನೇರ ಬೆಳಕಿಗಿಂತ ಓರೆ ಬೆಳಕಿಗೆ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಕಲ್ಲಿಗೆ ಅಡ್ಡಲಾಗಿ ಬೀಳುವಾಗ ಚಿತ್ರ ತೆಗೆಯಿರಿ. ಅದು ಆಗದಿದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಪಕ್ಕಕ್ಕೆ ಹಿಡಿದು ಎಡ, ಬಲ, ಮೇಲೆ, ಕೆಳಗೆ ಹೀಗೆ ನಾಲ್ಕು ದಿಕ್ಕಿನಿಂದ ಬೆಳಕು ಹಾಯಿಸಿ ನಾಲ್ಕು ಚಿತ್ರ ತೆಗೆಯಿರಿ. ಕ್ಯಾಮೆರಾ ಕದಲದಂತೆ ಸ್ಟ್ಯಾಂಡಿನ ಮೇಲಿರಲಿ, ಚೌಕಟ್ಟಿನಲ್ಲಿ ಅಳತೆಪಟ್ಟಿ ಇರಲಿ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ, ಎಣ್ಣೆ, ಬಣ್ಣ ಹಚ್ಚಬೇಡಿ. ಸುಣ್ಣದ ಗೆರೆ ಎಳೆಯುವವರು ತಾವು ಊಹಿಸಿದ ಅಕ್ಷರವನ್ನೇ ತುಂಬುತ್ತಾರೆ, ಮುಂದೆ ಬರುವವರು ಅದನ್ನೇ ಶಾಸನವೆಂದು ಓದುತ್ತಾರೆ.

ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರಗಳ ಮಸಿಯಚ್ಚನ್ನು ಕಾಗದದ ಮೇಲೆ ತೆಗೆಯುವುದನ್ನು ಬಲ್ಲವರ ಜೊತೆ ಒಮ್ಮೆಯಾದರೂ ಕಲಿತು ಮಾಡಿ. ಕಲ್ಲನ್ನು ನೀರು ಮತ್ತು ತೆಂಗಿನ ನಾರಿನ ಬ್ರಷ್‌ನಿಂದ ತೊಳೆಯಿರಿ. ತಂತಿಯ ಬ್ರಷ್ ಮುಟ್ಟಿಸಬಾರದು. ನೀರು ಹೀರುವ ದಪ್ಪ ಕಾಗದವನ್ನು ನೆನೆಸಿ ಕಲ್ಲಿನ ಮೇಲೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಗಾಳಿಗುಳ್ಳೆ ಹೊರಡಿಸುತ್ತ ಒತ್ತಿ. ಮೋಟು ಕೂದಲಿನ ಬ್ರಷ್‌ನಿಂದ ನೇರವಾಗಿ ಕುಟ್ಟಿದಾಗ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಪೂರ್ತಿ ಒಣಗುವ ಮುನ್ನ, ಕೈಗೆ ತೇವ ತಾಗುವುದು ನಿಂತ ಹೊತ್ತಿಗೆ, ಬಟ್ಟೆಯ ಉಂಡೆಗೆ ತೆಳ್ಳಗೆ ಮಸಿ ಹಚ್ಚಿ ತಟ್ಟಿ. ಒದ್ದೆ ಹೆಚ್ಚಿದ್ದರೆ ಮಸಿ ಹರಡಿ ಅಕ್ಷರದ ಒಳಗೂ ಕಪ್ಪಾಗುತ್ತದೆ. ತೀರ ಒಣಗಿದರೆ ಕಾಗದ ಕಲ್ಲಿನಿಂದ ಎದ್ದುಬಿಡುತ್ತದೆ. ಇವೆರಡರ ನಡುವಿನ ಹದವನ್ನು ಕಂಡುಕೊಳ್ಳುವುದರಲ್ಲೇ ಈ ಕೆಲಸದ ಪಳಗು ಇರುವುದು. ಕಲ್ಲು ಪದರ ಏಳುತ್ತಿದ್ದರೆ ಪಡಿಯಚ್ಚಿನ ಆಸೆ ಬಿಡಿ, ಚಿತ್ರ ಸಾಕು. ಸಂರಕ್ಷಿತ ಸ್ಮಾರಕದಲ್ಲಿರುವ ಕಲ್ಲಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕೇಬೇಕು. ಮುಟ್ಟದೆಯೇ ಅಕ್ಷರ ಹಿಡಿಯುವ 3ಡಿ ಸ್ಕ್ಯಾನಿಂಗ್ ಕೂಡ ಈಗ ಇದೆ. ಬೆಂಗಳೂರು ಸುತ್ತಲಿನ ಶಾಸನಗಳಿಗೆ ಮಿಥಿಕ್ ಸೊಸೈಟಿ ಎಂಬ ಸಂಸ್ಥೆ ಆ ಕೆಲಸ ಮಾಡುತ್ತಿದೆ.

ಕಾಲ ನಿರ್ಣಯ ಹೀಗೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಆದರೆ ಶಕವರ್ಷ ಚೈತ್ರದಲ್ಲಿ ಶುರುವಾಗುವುದರಿಂದ ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕು. ಉದಾಹರಣೆಗೆ, ರಕ್ಕಸತಂಗಡಿ (ತಾಳಿಕೋಟೆ) ಕಾಳಗ ನಡೆದದ್ದು 1565ರ ಜನವರಿಯಲ್ಲಿ, ಅದು ಶಕ 1486. ಇನ್ನು ಸಂವತ್ಸರದ ತಾಳೆ: ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ (ಶೇಷ ಸೊನ್ನೆಯಾದರೆ ಅರವತ್ತನೆಯದಾದ ಅಕ್ಷಯ). 1486ಕ್ಕೆ 12 ಸೇರಿ 1498, ಶೇಷ 58, ಅಂದರೆ ರಕ್ತಾಕ್ಷಿ. ವಿಜಯನಗರ ಸ್ಥಾಪನೆಗೆ ಸಂಪ್ರದಾಯ ಹೇಳುವ ಶಕ 1258ಕ್ಕೆ ಶೇಷ 10, ಧಾತು. ನಿಮ್ಮ ಶಾಸನದಲ್ಲಿ ಸಂವತ್ಸರ ಒಂದು ಮನೆ ಹಿಂದೆ ಇದ್ದರೆ ಬರೆದವನು ಪೂರ್ತಿ ಕಳೆದ ವರ್ಷಗಳನ್ನಷ್ಟೇ ಅಲ್ಲ, ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸಿರಬಹುದು. ಶಕದಲ್ಲಿ ಒಂದು ಕಳೆದು ನೋಡಿ. ಬಹಳ ದೂರ ಹೋದರೆ ಅಂಕಿಯನ್ನು ನೀವು ತಪ್ಪು ಓದಿದ್ದೀರಿ, ಅಥವಾ ಶಾಸನವೇ ಅನುಮಾನದ್ದು. ಹತ್ತನೆಯ ಶತಮಾನಕ್ಕಿಂತ ಹಿಂದಿನವಕ್ಕೆ ಈ ಸೂತ್ರ ಬಳಸಬೇಡಿ. ಆಗ ಗುರುಗ್ರಹದ ಗತಿಗೆ ತಕ್ಕಂತೆ ಕೆಲವು ಸಲ ಒಂದು ಸಂವತ್ಸರವನ್ನೇ ಬಿಡುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವ ತಪ್ಪೊಂದಿದೆ: ಶಾಸನದ ಕಾಲವನ್ನೇ ಕೆರೆಯ ಕಾಲವೆಂದುಬಿಡುವುದು. ‘ಕಟ್ಟಿಸಿದ’ ಎಂದಿದೆಯೋ, ಒಡೆದ ಏರಿಯನ್ನು ಕಟ್ಟಿದ ಮಾತಿದೆಯೋ, ತೂಬು ಇಟ್ಟದ್ದು ಮಾತ್ರವೋ, ಆಗಲೇ ಇದ್ದ ಕೆರೆಯ ಕೆಳಗಿನ ಗದ್ದೆಯ ದಾನವೋ ಎಂದು ಕ್ರಿಯಾಪದವನ್ನು ಬಿಡಿಸಿ ನೋಡಿ. ಕೊನೆಯದಾದರೆ ಆ ಹೊತ್ತಿಗೆ ಕೆರೆ ಇತ್ತು ಎಂದಷ್ಟೇ ಹೇಳಬಹುದು. ಕಲ್ಲು ಬೇರೆಡೆಯಿಂದ ಬಂದದ್ದೇ ಎಂಬುದನ್ನೂ ಊರವರಲ್ಲಿ ವಿಚಾರಿಸಿ.

ಹೆಸರಿನ ಜಾಡು

ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳ ‘ಸಂದ್ರ’ ಸವೆದ ‘ಸಮುದ್ರ’, ಅಂದರೆ ದೊಡ್ಡ ಕೆರೆ. ಕಟ್ಟೆ, ಕುಂಟೆ, ಕೆರೆ ಎಂದು ಕೊನೆಯಾಗುವ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸಿ ನೋಡಿದರೆ ಒಂದರ ಕೆಳಗೊಂದು ಕಟ್ಟಿದ ಕೆರೆಗಳ ಸಾಲು ಕಾಣುತ್ತದೆ. ಆದರೆ ಹೆಸರಿನ ಅರ್ಥವನ್ನು ಈಗಿನ ರೂಪದಿಂದ ಊಹಿಸಬಾರದು. ಆ ಹೆಸರಿನ ಅತಿ ಹಳೆಯ ಲಿಖಿತ ರೂಪ ಹುಡುಕಿ ಅಲ್ಲಿಂದ ಕೆಳಗೆ ಬನ್ನಿ. ಹನ್ನೆರಡನೆಯ ಶತಮಾನದ ಹೊಯ್ಸಳ ಬಲ್ಲಾಳ ಬೆಂದ ಕಾಳು ತಿಂದದ್ದರಿಂದ ಬೆಂಗಳೂರು ಎಂಬ ಹೆಸರು ಬಂತೆಂಬ ಕಥೆ ಎಲ್ಲರಿಗೂ ಗೊತ್ತು. ಬೇಗೂರಿನ ಗುಡಿಯಲ್ಲಿರುವ ಸುಮಾರು 890ರ ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಹೆಸರು ಆಗಲೇ ಇದೆ. ಒಂದೇ ಕಲ್ಲು ಮುನ್ನೂರು ವರ್ಷಗಳ ಅಂತರದಲ್ಲಿ ಕಥೆಯನ್ನು ಪಕ್ಕಕ್ಕೆ ಸರಿಸಿತು.

ಹಾಗೆಂದು ಕಥೆಯನ್ನು ಎಸೆಯಬೇಡಿ. ನೀರು ನಿಲ್ಲದ ಕೆರೆಗೆ ಸೊಸೆಯನ್ನು ಬಲಿಕೊಟ್ಟ ಕಥೆ ನಾಡಿನ ಹಲವು ಊರುಗಳಲ್ಲಿದೆ. ಜಾನಪದ ಅಧ್ಯಯನಕ್ಕೆ ‘ಇದು ನಡೆದದ್ದೇ?’ ಎಂಬುದು ಮುಖ್ಯ ಪ್ರಶ್ನೆಯಲ್ಲ. ಯಾರು ಹಾಡುತ್ತಾರೆ, ಯಾವ ಕೆಲಸದ ಹೊತ್ತಿಗೆ, ಹೆಂಗಸರು ಹೇಳುವ ರೂಪಕ್ಕೂ ಗಂಡಸರು ಹೇಳುವುದಕ್ಕೂ ಏನು ವ್ಯತ್ಯಾಸ, ಬಾಗಿನ ಕೊಡುವಾಗ ಆ ಹೆಸರು ಹೇಳುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳಿ. ಹಾಡಿನ ಭಾಷೆಯನ್ನು ‘ಶುದ್ಧ’ ಮಾಡಿ ಬರೆದರೆ ಆ ದಾಖಲೆ ಹಾಳಾಯಿತೆಂದೇ ಅರ್ಥ.

ಮಾತು ಕೇಳುವ ಕ್ರಮ

ಗದ್ದೆಗಳಿಗೆ ನೀರು ಬಿಡುವ ನೀರಗಂಟಿಯ ಮನೆತನದವರು, ಮೀನು ಹಿಡಿಯುವವರು, ಕುರಿ ಮೇಯಿಸುವವರು, ಅಚ್ಚುಕಟ್ಟಿನ ತಲೆಯಲ್ಲಿ, ನಡುವೆ, ಬಾಲದಲ್ಲಿ ಗದ್ದೆ ಇರುವವರು, ಗದ್ದೆಯೇ ಇಲ್ಲದ ಕೂಲಿಯವರು ಎಲ್ಲರನ್ನೂ ಮಾತಾಡಿಸಬೇಕು. ಅರಳಿಕಟ್ಟೆಯಲ್ಲಿ ಸಿಕ್ಕವರನ್ನಷ್ಟೇ ಕೇಳಿದರೆ ಊರಿನ ಒಂದು ಕೇರಿಯ, ಅದರಲ್ಲೂ ಗಂಡಸರ ನೆನಪು ಮಾತ್ರ ಸಿಗುತ್ತದೆ. ಸಂದರ್ಶನಕ್ಕೆ ಮುನ್ನ ಯಾಕೆ ಕೇಳುತ್ತಿದ್ದೇವೆ, ಧ್ವನಿಮುದ್ರಣ ಎಲ್ಲಿಡುತ್ತೇವೆ, ಬೇಡವೆನಿಸಿದರೆ ನಿಲ್ಲಿಸಬಹುದು ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಸಹಿ ಮಾಡಲು ಹಿಂಜರಿದರೆ ಒಪ್ಪಿಗೆಯ ಮಾತನ್ನೇ ಮುದ್ರಿಸಿಕೊಳ್ಳಿ. ವಿಶ್ವವಿದ್ಯಾಲಯದ ಮೂಲಕ ಮಾಡುವ ಕೆಲಸಕ್ಕೆ ನೀತಿ ಸಮಿತಿಯ ಅನುಮತಿಯೂ ಬೇಕಾಗಬಹುದು, ಮೊದಲೇ ವಿಚಾರಿಸಿ.

‘ಮೊದಲು ಕೆರೆ ತುಂಬಿರುತ್ತಿತ್ತು ಅಲ್ವಾ ಅಜ್ಜಿ?’ ಎಂದರೆ ‘ಹೂಂ’ ಎಂಬ ಉತ್ತರ ಬಂದೇ ಬರುತ್ತದೆ. ‘ನೀವು ಮದುವೆಯಾಗಿ ಬಂದಾಗ ಬಟ್ಟೆ ಒಗೆಯಲು ಎಲ್ಲಿಗೆ ಹೋಗುತ್ತಿದ್ದಿರಿ?’ ಎಂದು ಕೇಳಿ. ಯಾವ ಮೆಟ್ಟಿಲು, ಬೇಸಿಗೆಯಲ್ಲಿ ಎಷ್ಟು ದೂರ ನಡೆಯಬೇಕಿತ್ತು ಎಂಬುದು ತಾನಾಗಿ ಬರುತ್ತದೆ. ಇಸವಿ ಕೇಳಬೇಡಿ. 1972ರ ಬರ, 1974ರಲ್ಲಿ ಉಳುವವನೇ ಹೊಲದೊಡೆಯನಾದದ್ದು, ಇಂದಿರಾ ಗಾಂಧಿ ತೀರಿಕೊಂಡ 1984, ಮಗ ಹುಟ್ಟಿದ್ದು ಇಂಥ ಗುರುತುಗಳ ಹಿಂದೆಯೋ ಮುಂದೆಯೋ ಎಂದು ಕೇಳಿ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಲವತ್ತು ಸಂದರ್ಶನ ಮಾಡಿದವರ ಕಡತಗಳು ಕೇಳದೆಯೇ ಉಳಿಯುತ್ತವೆ. ಹನ್ನೆರಡು ಸಂದರ್ಶನ ಮಾಡಿ, ಪೂರ್ತಿ ಬರೆದುಕೊಳ್ಳಿ.

ಎಷ್ಟು ಮನೆಯವರಿಗೆ ನೀರು ತಲುಪುತ್ತದೆ ಎಂಬಂಥ ಅಂಕಿ ಬೇಕಾದರೆ ಮಾತ್ರ ಸಮೀಕ್ಷೆ ಮಾಡಿ. ಮನೆಗಳ ಪೂರ್ತಿ ಪಟ್ಟಿಯಿಂದ ಚೀಟಿ ಎತ್ತಿ ಆರಿಸಬೇಕು. ಶೇ. 95 ವಿಶ್ವಾಸಮಟ್ಟ, ಶೇ. 5 ಅಂಚಿನ ದೋಷಕ್ಕೆ (ಉತ್ತರ ಆಚೀಚೆ ಆಗಬಹುದಾದ ಮಿತಿಗೆ) ದೊಡ್ಡ ಜನಸಂಖ್ಯೆಯಲ್ಲಿ 384 ಮಾದರಿ ಬೇಕು. ಊರಲ್ಲಿ 400 ಮನೆಯಷ್ಟೇ ಇದ್ದರೆ ತಿದ್ದುಪಡಿಯ ಬಳಿಕ ಸುಮಾರು 196 ಸಾಕು. ಅಷ್ಟು ಆಗದಿದ್ದರೆ ಶೇಕಡಾವಾರು ಹೇಳುವ ಆಸೆ ಬಿಟ್ಟು, ಆಳವಾದ ಸಂದರ್ಶನಗಳಲ್ಲೇ ನಿಲ್ಲಿ. ಮೂವತ್ತು ಮನೆ ಕೇಳಿ ‘ಶೇ. 63.3 ಜನ’ ಎಂದು ಬರೆಯುವುದು ಓದುಗರಿಗೆ ಮಾಡುವ ಮೋಸ.

ನೀರಿನ ಲೆಕ್ಕ

ಮಳೆಗಾಲ ಮುಗಿದು ಕೆರೆ ತುಂಬಿದಾಗ, ಅಕ್ಟೋಬರ್-ನವೆಂಬರ್‌ನಲ್ಲಿ, ಆಳ ಅಳೆಯಿರಿ. ಏರಿಗೆ ಅಡ್ಡಲಾಗಿ 20 ಮೀಟರಿಗೊಂದು ಗೆರೆ ಎಂದು ಗುರುತು ಮಾಡಿ, ಹರಿಗೋಲಿನಲ್ಲಿ ಹೋಗಿ ಪ್ರತಿ 20 ಮೀಟರಿಗೆ ಗುರುತು ಹಾಕಿದ ಗಳು ಅಥವಾ ಭಾರ ಕಟ್ಟಿದ ಹಗ್ಗ ಇಳಿಸಿ. ಈಜು ಬಲ್ಲವರೂ ಜೀವರಕ್ಷಕ ಜಾಕೆಟ್ ಹಾಕಲೇಬೇಕು. ಕೆಸರು ಮೆತ್ತಗಿದ್ದರೆ ತೆಳ್ಳನೆಯ ಗಳು ಒಳಗೆ ಇಳಿದು ಆಳ ಹೆಚ್ಚು ತೋರಿಸುತ್ತದೆ. ತುದಿಗೆ ಅಂಗೈ ಅಗಲದ ಬಿಲ್ಲೆ ಕಟ್ಟಿ. ಎಲ್ಲ ಅಳತೆಗಳ ಸರಾಸರಿಯನ್ನು ವಿಸ್ತೀರ್ಣಕ್ಕೆ ಗುಣಿಸಿದರೆ ನೀರಿನ ಪ್ರಮಾಣ ಬರುತ್ತದೆ. ಉದಾಹರಣೆಗೆ 12 ಹೆಕ್ಟೇರ್ ನೀರು, ಸರಾಸರಿ ಆಳ 1.8 ಮೀಟರ್ ಆದರೆ 21.6 ಹೆಕ್ಟೇರ್-ಮೀಟರ್. ಒಂದು ಹೆಕ್ಟೇರ್-ಮೀಟರಿಗೆ ಒಂದು ಕೋಟಿ ಲೀಟರ್, ಹಾಗಾಗಿ 21.6 ಕೋಟಿ ಲೀಟರ್. ತೂಬಿನ ಬಳಿಯ 4.5 ಮೀಟರ್ ಆಳವನ್ನೇ ಹಿಡಿದು ಗುಣಿಸಿದವರಿಗೆ 54 ಕೋಟಿ ಬರುತ್ತದೆ, ಎರಡೂವರೆ ಪಟ್ಟು ತಪ್ಪು.

ಆವಿಯಾಗುವುದನ್ನು ಅಳೆಯಲು ಹವಾಮಾನ ಕೇಂದ್ರಗಳಲ್ಲಿ ಬಳಸುವ ಕ್ಲಾಸ್-ಎ ಬಾಣಲೆ ಇದೆ: ಸುಮಾರು 121 ಸೆಂ.ಮೀ. ವ್ಯಾಸ, 25 ಸೆಂ.ಮೀ. ಆಳ. ಬಾಣಲೆಯ ಬದಿಯೂ ಕಾಯುವುದರಿಂದ ಅದು ಕೆರೆಗಿಂತ ಹೆಚ್ಚು ನೀರು ಕಳೆಯುತ್ತದೆ, ಸಾಮಾನ್ಯವಾಗಿ 0.7ರಿಂದ ಗುಣಿಸುತ್ತಾರೆ. ಬಾಣಲೆಯಲ್ಲಿ ದಿನಕ್ಕೆ 8 ಮಿ.ಮೀ. ಇಳಿದರೆ ಕೆರೆಯಲ್ಲಿ 5.6 ಮಿ.ಮೀ.; 12 ಹೆಕ್ಟೇರಿಗೆ ಅದು ದಿನವೊಂದಕ್ಕೆ 6.72 ಲಕ್ಷ ಲೀಟರ್. ನಾಯಿ, ಕಾಗೆ ಕುಡಿದುಹೋದ ನೀರೂ ಆವಿಯ ಲೆಕ್ಕಕ್ಕೆ ಸೇರದಂತೆ ಬೇಲಿ ಹಾಕಿ.

ಗುಣಮಟ್ಟದಲ್ಲಿ ಎಲ್ಲರೂ ಎಡವುವುದು ಕರಗಿದ ಆಮ್ಲಜನಕದಲ್ಲಿ. ಬಾಟಲಿಯನ್ನು ಕಾಲೇಜಿಗೆ ಹೊತ್ತೊಯ್ದು ಅಳೆದರೆ ಆ ಅಂಕಿ ಕೆರೆಯದಲ್ಲ, ಬಸ್ಸಿನ ಪ್ರಯಾಣದ್ದು. ಕರಗಿದ ಆಮ್ಲಜನಕವನ್ನು ರಾಸಾಯನಿಕವಾಗಿ ಅಳೆಯುವ ವಿಂಕ್ಲರ್ ವಿಧಾನದಲ್ಲಿ 300 ಮಿ.ಲೀ. ಬಿಒಡಿ ಬಾಟಲಿಯನ್ನು (ಈ ಪರೀಕ್ಷೆಯ ಬಿಗಿ ಮುಚ್ಚಳದ ಗಾಜಿನ ಬಾಟಲಿ) ನೀರಿನೊಳಗೇ ಗುಳ್ಳೆ ಉಳಿಯದಂತೆ ತುಂಬಿ, ಸ್ಥಳದಲ್ಲೇ ಮ್ಯಾಂಗನೀಸ್ ಸಲ್ಫೇಟ್ 2 ಮಿ.ಲೀ., ಕ್ಷಾರ-ಅಯೊಡೈಡ್-ಅಜೈಡ್ 2 ಮಿ.ಲೀ. ಬಾಟಲಿಯ ಕತ್ತಿನ ಕೆಳಗೆ ಬಿಟ್ಟು ಮುಚ್ಚಿ ತಿರುಗಿಸಿ. ಕಂದು ಗಸಿ ಬಂದರೆ ಆಮ್ಲಜನಕ ಇದೆ. ಬಿಳಿಯಾಗಿಯೇ ಉಳಿದರೆ ಇಲ್ಲವೆಂದೇ ಲೆಕ್ಕ. ಗಸಿ ಇಳಿದ ಮೇಲೆ ಗಾಢ ಸಲ್ಫ್ಯೂರಿಕ್ ಆಮ್ಲ 2 ಮಿ.ಲೀ. ಹಾಕಿ ಕರಗಿಸಿ, ಕೈಗವಸು, ಕನ್ನಡಕ ಇಲ್ಲದೆ ಬೇಡ. ಮುಂದಿನ ಟೈಟ್ರೇಷನ್ ಪ್ರಯೋಗಾಲಯದಲ್ಲಿ ಮಾಡಬಹುದು. ಪಾಚಿ ತುಂಬಿದ ಹಸಿರು ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕ ಏರಿ, ರಾತ್ರಿಯಿಡೀ ಇಳಿದು, ನಸುಕಿಗೆ ತಳ ಮುಟ್ಟುತ್ತದೆ. ಮೀನು ಸತ್ತು ತೇಲುವುದು ಬೆಳಗಿನ ಜಾವ. ಆದ್ದರಿಂದ ಮಧ್ಯಾಹ್ನ ಒಂದು ಗಂಟೆಯ ಒಂದೇ ಮಾದರಿಯಿಂದ ‘ನೀರು ಚೆನ್ನಾಗಿದೆ’ ಎನ್ನಬೇಡಿ. ಸೂರ್ಯ ಹುಟ್ಟುವ ಮೊದಲು ಒಂದು, ಮಧ್ಯಾಹ್ನ ಒಂದು ತೆಗೆಯಲೇಬೇಕು.

ಹಕ್ಕಿ, ಹೂಳು, ಉಪಗ್ರಹ

ಹಕ್ಕಿ ಎಣಿಕೆಗೆ ಜನವರಿ ಒಳ್ಳೆಯ ತಿಂಗಳು. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಅದೇ ತಿಂಗಳಲ್ಲಿ ನಡೆಯುತ್ತಿರುವುದರಿಂದ ನಿಮ್ಮ ಅಂಕಿಯನ್ನು ಹೋಲಿಸಲೂ ಬರುತ್ತದೆ. ಊರ ಕೆರೆಯ ಎಣಿಕೆಗೆ ಬೆಲೆ ಇಲ್ಲವೆಂದುಕೊಳ್ಳಬೇಡಿ: ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ನೀರಾವರಿಗೆ ಕಟ್ಟಿದ ಕೆರೆಗಳು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದವು. ಕೆರೆಯನ್ನು ಕಣ್ಣಳತೆಯ ಭಾಗಗಳಾಗಿ ಹಂಚಿಕೊಂಡು ಒಬ್ಬರಿಗೊಂದು ಭಾಗ, ಒಂದೇ ಹೊತ್ತಿಗೆ ಎಣಿಸಿ. ಗುಳುಮುಳುಕ ಹಕ್ಕಿ ಮುಳುಗುತ್ತಲೇ ಇರುವುದರಿಂದ ಎರಡು-ಮೂರು ಸಲ ಎಣಿಸಿ ಹೆಚ್ಚಿನ ಸಂಖ್ಯೆ ಹಿಡಿಯಿರಿ.

ಕೆಲವರು ಹೂಳಿನ ಪದರಗಳಿಂದ ಕೆರೆಯ ಇತಿಹಾಸ ಓದಲು ಹೊರಡುತ್ತಾರೆ. ಸಹಜ ಸರೋವರದಲ್ಲಿ ಇದು ಸೊಗಸಾದ ವಿಧಾನ. ಸೀಸ-210ರಿಂದ ನೂರು-ನೂರೈವತ್ತು ವರ್ಷ, ಇಂಗಾಲ-14ರಿಂದ ಸುಮಾರು 50 ಸಾವಿರ ವರ್ಷದವರೆಗೂ ಹಿಂದೆ ಹೋಗಬಹುದು. 1963ರ ಸುಮಾರಿನ ಅಣುಪರೀಕ್ಷೆಗಳ ಸೀಸಿಯಂ-137 ಒಂದು ಗುರುತಿನ ಗೆರೆ. ಆದರೆ ನಮ್ಮ ಕೆರೆಗಳಿಂದ ರೈತರು ಬೇಸಿಗೆಯಲ್ಲಿ ಗೋಡುಮಣ್ಣು ಹೊತ್ತು ಹೊಲಕ್ಕೆ ಹಾಕಿದ್ದಾರೆ. ಪದರಗಳು ಕಿತ್ತುಹೋಗಿವೆ, ಕಲೆತಿವೆ. ದುಬಾರಿ ಪರೀಕ್ಷೆಗೆ ಕಳಿಸುವ ಮುನ್ನ ಯಾವ ಮೂಲೆಯಲ್ಲಿ ಮಣ್ಣು ತೆಗೆದಿಲ್ಲ ಎಂದು ಹಳಬರನ್ನು ಕೇಳಬೇಕು. ಭೂವಿಜ್ಞಾನದ ಕೆಲಸ ಮೌಖಿಕ ಇತಿಹಾಸವನ್ನು ಆಶ್ರಯಿಸುವ ಇಂಥ ಜಾಗಗಳೇ ಈ ಅಧ್ಯಯನದ ಜೀವ.

ಉಪಗ್ರಹ ಚಿತ್ರಗಳು ಉಚಿತ. ಅಮೆರಿಕದ ಲ್ಯಾಂಡ್‌ಸ್ಯಾಟ್ 1972ರಿಂದ ಇದೆ, 30 ಮೀಟರ್ ಸ್ಪಷ್ಟತೆ 1980ರ ದಶಕದಿಂದ. ಯುರೋಪಿನ ಸೆಂಟಿನೆಲ್-2 ಇರುವುದು 2015ರಿಂದ, ಅದರ ಸ್ಪಷ್ಟತೆ 10 ಮೀಟರ್. ಚಿತ್ರದಲ್ಲಿ ದಾಖಲಾದ ಹಸಿರು ಮತ್ತು ಸಮೀಪ-ಅವಕೆಂಪು ಬೆಳಕಿನ ಪಟ್ಟಿಗಳ ವ್ಯತ್ಯಾಸವನ್ನು (ಹಸಿರಿನಿಂದ ಅವಕೆಂಪು ಕಳೆದು) ಅವುಗಳ ಮೊತ್ತದಿಂದ ಭಾಗಿಸಿದರೆ ನೀರಿನ ಸೂಚ್ಯಂಕ ಬರುತ್ತದೆ. ಸೊನ್ನೆಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ನೀರು. ತೇಲುವ ಅಂತರಗಂಗೆ ಗಿಡ ಹಬ್ಬಿದ ಕೆರೆಯನ್ನು ಇದು ಒಣಭೂಮಿಯ ಗಿಡವೆಂದೇ ತೋರಿಸುತ್ತದೆ. ಸ್ಥಳಕ್ಕೆ ಹೋಗದವರು ತುಂಬಿದ ಕೆರೆಯನ್ನು ಬತ್ತಿದ್ದೆಂದು ಬರೆಯುವುದು ಹೀಗೆ.

ಸಾಕ್ಷ್ಯಗಳು ಒಪ್ಪದಿದ್ದಾಗ

ಕೊನೆಗೆ ಎಲ್ಲವನ್ನೂ ಒಂದು ಕಾಲರೇಖೆಯ ಮೇಲೆ ಜೋಡಿಸಿ. ಒಪ್ಪದ ಜಾಗಗಳನ್ನು ಮುಚ್ಚಬೇಡಿ, ಕೆಂಪಿನಲ್ಲಿ ಗುರುತು ಮಾಡಿ. ‘ಆ ವರ್ಷ ಕೋಡಿ ಬಿದ್ದಿತ್ತು’ ಎಂದು ಅಜ್ಜ ಹೇಳಿದ್ದು, ಉಪಗ್ರಹದಲ್ಲಿ ಅರ್ಧ ಕೆರೆ ಖಾಲಿ. ಚಿತ್ರ ಏಪ್ರಿಲ್‌ನದೋ ನವೆಂಬರ್‌ನದೋ ನೋಡಿ; ಮೋಡದ ಕಾರಣ ಮಳೆಗಾಲದ ಚಿತ್ರಗಳೇ ಇಲ್ಲದಿರಬಹುದು. ನೆನಪಿನ ವರ್ಷ ಒಂದೆರಡು ಆಚೀಚೆ ಆಗಿರಬಹುದು. ಮಳೆ ದಾಖಲೆಯ ಜೊತೆ ತಾಳೆ ನೋಡಿ. ಪಹಣಿಯಲ್ಲಿ 30 ಎಕರೆ, ನಿಮ್ಮ ಅಳತೆಯಲ್ಲಿ 24 ಬಂದರೆ ಒತ್ತುವರಿ ಎಂದು ಕೂಡಲೇ ಬರೆಯಬೇಡಿ. ದಾಖಲೆಯದು ಏರಿ, ಅಂಗಳ ಸೇರಿದ ವಿಸ್ತೀರ್ಣ, ನಿಮ್ಮದು ನೀರು ನಿಂತ ಜಾಗ ಮಾತ್ರ. ಗಡಿ ತೀರ್ಮಾನ ಭೂಮಾಪಕರ ಕೆಲಸ.

ಮೂಲ ದತ್ತಾಂಶದ ಕಡತವನ್ನು ತಿದ್ದದೆ ಬೇರೆ ಇಡಿ, ಲೆಕ್ಕಗಳನ್ನು ಅದರ ಪ್ರತಿಯಲ್ಲಿ ಮಾಡಿ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ನೀರಿನ ಅಂಕಿಗಳ ವರದಿಯಲ್ಲಿ ವಿಧಾನವನ್ನು ಇನ್ನೊಬ್ಬರು ಹಾಗೆಯೇ ಮಾಡಿ ನೋಡುವಷ್ಟು ವಿವರವಾಗಿ ಬರೆಯಿರಿ. ಶಾಸನದ ವಿಷಯದಲ್ಲಿ ನಿಮ್ಮ ಪಾಠ, ಹಿಂದಿನವರ ಪಾಠ, ಚಿತ್ರ ಮೂರನ್ನೂ ಕೊಡಿ, ಊಹಿಸಿ ತುಂಬಿದ ಅಕ್ಷರ ಆವರಣದೊಳಗಿರಲಿ. ನೀರಿನ ಜಗಳದ ಬಗ್ಗೆ ಮಾತಾಡಿದವರ ಹೆಸರು, ಸರ್ವೆ ನಂಬರ್ ತೆಗೆದುಬಿಡಿ. ಸಣ್ಣ ಊರಿನಲ್ಲಿ ‘ಬಾಲದ ಗದ್ದೆಯ ವಿಧವೆ’ ಎಂದರೂ ಯಾರೆಂದು ತಿಳಿದುಹೋಗುತ್ತದೆ, ಅದನ್ನೂ ಬದಲಿಸಿ. ಕನ್ನಡದಲ್ಲಿ ಹತ್ತು ಪುಟದ ಪ್ರತಿಯೊಂದನ್ನು, ಆಳದ ನಕ್ಷೆಯ ಸಮೇತ, ಪಂಚಾಯಿತಿಗೂ ಊರ ಶಾಲೆಗೂ ಕೊಟ್ಟು, ಮಾತಾಡಿದವರ ಎದುರು ಒಮ್ಮೆ ಓದಿ ಹೇಳಿ. ಅವರು ಎತ್ತುವ ತಕರಾರುಗಳನ್ನು ದಿನಾಂಕ ಹಾಕಿ ಬರೆದುಕೊಂಡು, ಅಂತಿಮ ವರದಿಗೆ ಅನುಬಂಧವಾಗಿ ಸೇರಿಸಿ.